ಪಿರಿಯಾಣಿ

ಪೆರ್ಲದ ಅಂದುಂಞಿಯ ಅಂಗಡಿಯಲ್ಲಿ
ಸ್ಕ್ರೂ ತೂಕಕ್ಕಲ್ಲ, ಲೆಕ್ಕಕ್ಕೆ.
ಎಂಟು ನಂಬರಿನದು, ಎರಡಿಂಚು, ಮೂವತ್ತೆರಡು.
ಹತ್ತರವರೆಗೆ ಕನ್ನಡದಲ್ಲಿ ಎಣಿಸುತ್ತಾನೆ, ಆಮೇಲೆ ಮಲಯಾಳ.
ಚೀಟಿಗೆ ಬರೆಯುವಾಗ ಪಿರಿಯಾಣಿ.

ಪಿರಿ ಎಂದರೆ ಅವನ ಭಾಷೆಯಲ್ಲಿ ಹುರಿ, ತಿರುಚು.
ಅಗಲು, ಬೇರೆಯಾಗು ಎಂದೂ ಉಂಟು.
ನಾನು ಶಾಲೆಯಲ್ಲಿ ಉರು ಹೊಡೆದ ಹಳಗನ್ನಡದಲ್ಲಿ
ಪಿರಿದು ಎಂದರೆ ಹಿರಿದು.
ಕಿರುಬೆರಳಿನಷ್ಟಿಲ್ಲದ ಕಬ್ಬಿಣಕ್ಕೆ
ಇಷ್ಟು ಅರ್ಥ ಯಾಕಪ್ಪ ಅಂತ
ಪೊಟ್ಟಣ ಕಿಸೆಗಿಟ್ಟು ಸ್ವರ್ಗದ ಬಸ್ಸು ಹತ್ತಿದೆ.
(ಊರಿನ ಹೆಸರು ಅದು. ನಗಬೇಡಿ.)

ಪಕ್ಕದ ಸೀಟಿನಲ್ಲಿ ಅಪ್ಪ,
ತೊಡೆಯ ಮೇಲೆ ಉಳಿಗಳ ಚೀಲ.
ಅವರಿಗೆ ಸ್ಕ್ರೂ ಕಂಡರಾಗದು.
ಗುಳಿ ತೋಡಿ, ಹಲ್ಲು ಕೆತ್ತಿ,
ಕೊಡತಿಯ ಮೂರೇಟಿಗೆ ಒಂದರೊಳಗೊಂದು ಕೂರಿಸಿದವರು.
"ಬಿಚ್ಚಲಿಕ್ಕೆ ಆಗುವುದನ್ನು ಸೇರಿಸಿದ್ದು ಅಂತ ಹೇಳ್ತಾರಾ?
ಅದು ಬಾಡಿಗೆಗೆ ಕೊಟ್ಟದ್ದು."

ಆದರೆ ಮಿಸ್ರಿಯಾಳ ಕುರ್ಚಿ ಬಿಚ್ಚಲೇಬೇಕು.
ಅವಳ ಬೆನ್ನು ತಾನಾಗಿ ನಿಲ್ಲುವುದಿಲ್ಲ,
ಕತ್ತು ಎಡಕ್ಕೆ ವಾಲುತ್ತದೆ,
ಕಾಲಿಗೆ ಹಲಗೆ, ಎದೆಗೆ ಅಡ್ಡಪಟ್ಟಿ, ತಲೆಯ ಎರಡೂ ಬದಿಗೆ ಮೆತ್ತೆ.
ಅವಳು ಬೆಳೆದಂತೆ ಕುರ್ಚಿಯೂ ಬೆಳೆಯಬೇಕು.
ಅದಕ್ಕೇ ಸ್ಕ್ರೂ. ಅದಕ್ಕೇ ವರ್ಷಕ್ಕೊಮ್ಮೆ ನಾನು.

ಹಲಸಿನ ಮರ. ಗಟ್ಟಿ, ಹಟಮಾರಿ.
ನೇರ ತಿರುಗಿಸಿದರೆ ಎಳೆ ಹಿಡಿದು ಸೀಳುತ್ತದೆ.
ಮೊದಲು ಸಪೂರ ಬಿಟ್ಟಿನಲ್ಲಿ ದಾರಿತೂತು,
ಎಷ್ಟು ಆಳ ಎಂಬುದಕ್ಕೆ ಬಿಟ್ಟಿಗೊಂದು ಸುತ್ತು ಕೆಂಪು ಟೇಪು,
ಸ್ಕ್ರೂವಿನ ಮೈಗೆ ಬಟ್ಟೆ ಸಾಬೂನು.
ತಲೆ ಮರದೊಳಗೆ ಮುಳುಗಬೇಕು, ಕೂದಲೆಳೆಯಷ್ಟೂ ಏಳಬಾರದು:
ಅವಳ ಚರ್ಮ ನೋವು ಹೇಳಲು ತಡಮಾಡುತ್ತದೆ.

ಡ್ರಿಲ್ಲಿನ ಸದ್ದಿಗೆ ಮಾತ್ರ ನಗುತ್ತಾಳೆ.
ಹಳದಿ ಹುಡಿ ಅವಳ ಹುಬ್ಬಿನ ಮೇಲೆ ಕೂತರೆ
ಬೀಫಾತಿಮ್ಮ ಒರೆಸುವುದಿಲ್ಲ, ಇರಲಿ ಅನ್ನುತ್ತಾರೆ.

ಬಿಟ್ಟುಬಂದ ತೂತುಗಳು ಅಪ್ಪನ ಪಾಲು.
ಬಿದಿರು ಸೀಳಿ, ಚೂಪು ಮಾಡಿ, ಬೆಣೆ ಬಡಿದು
ಮಟ್ಟಸ ಕತ್ತರಿಸಿ ಉಜ್ಜುತ್ತಾರೆ.
ಕೈಯಾಡಿಸಿದರೆ ಗೊತ್ತಾಗದು. ಕಣ್ಣಿಗೆ ಗೊತ್ತು:
ಕುರ್ಚಿಯ ಕಂಬದಲ್ಲಿ ಒಂದರ ಮೇಲೊಂದು
ಬಿಳಿಚಿದ ಆರು ಚುಕ್ಕೆ.
ಬೇರೆ ಮನೆಗಳಲ್ಲಿ ಮಕ್ಕಳ ಎತ್ತರಕ್ಕೆ
ಗೋಡೆಯ ಮೇಲೆ ಪೆನ್ಸಿಲ್ ಗೆರೆ ಇರುತ್ತದಲ್ಲ, ಹಾಗೆ.

ಈ ಸಲ ಟೇಪು ಹಿಡಿದೆ.
ಇನ್ನೊಮ್ಮೆ ಹಿಡಿದೆ.
ಹೋದ ವರ್ಷದ ಅಳತೆಯಲ್ಲೇ ನಿಂತಿತ್ತು.

ಬೀಫಾತಿಮ್ಮ ಚಾ ಇಡಲು ಒಳಗೆ ಹೋದರು.
ಕೇಳಲಿಲ್ಲ.
ಡ್ರಿಲ್ಲಿನ ವಯರು ಅಂಗಳದಲ್ಲಿ ಬಿಚ್ಚಿಕೊಂಡೇ ಬಿದ್ದಿತ್ತು,
ಕರೆಂಟೂ ಆಗಲೇ ಹೋಯಿತು. ಒಳ್ಳೆಯದೇ ಆಯಿತು.

"ಬಂದದ್ದು ಬಂದಾಯ್ತು, ಒಂದೊಂದೇ ಬಿಚ್ಚು," ಅಂದರು ಅಪ್ಪ.
"ತುಕ್ಕು ತೆಗೆ. ತಿರುಗಿ ಹಾಕು."
ಹಳೆಯ ತೂತಿಗೆ ಹಳೆಯ ಸ್ಕ್ರೂ ಇಟ್ಟು
ಬಲಕ್ಕೆ ಒತ್ತಿದ್ದೇ ತಡ, ಕೈ ತಡೆದರು.

"ಮೊದಲು ಹಿಂದಕ್ಕೆ ತಿರುಗಿಸು ಮಾರಾಯ. ಮೆಲ್ಲ.
ಟಿಕ್ ಅನ್ನುತ್ತದೆ, ಕೇಳು.
ಹಳೆಯ ದಾರಿ ಸಿಕ್ಕಿದ ಸದ್ದು ಅದು.
ಆಮೇಲೆ ಮುಂದಕ್ಕೆ. ಇಲ್ಲವಾದರೆ ಹೊಸ ದಾರಿ ಕೊರೆದು
ಎರಡೂ ಕೆಡುತ್ತದೆ."

ಸ್ಕ್ರೂ ಮುಟ್ಟದವರಿಗೆ ಇದು ಹೇಗೆ ಗೊತ್ತು?
ಕೇಳಲಿಲ್ಲ ನಾನೂ.

ಹಿಂದಕ್ಕೆ, ಟಿಕ್.
ಮುಂದಕ್ಕೆ.
ಮಿಸ್ರಿಯಾ ಡ್ರಿಲ್ಲಿಗೆ ಕಾಯುತ್ತಿದ್ದಳು.
ಹುಬ್ಬಿಗೆ ಹುಡಿಯಿಲ್ಲ.
ಅಪ್ಪ ಬಾಯಲ್ಲೇ ಗುರ್ರ್ ಎಂದರು,
ಎಪ್ಪತ್ತು ದಾಟಿದ ಮುದುಕ, ಬಾಗಿ, ಅವಳ ಕಿವಿಯ ಹತ್ತಿರ,

ಕಿಸೆಯಲ್ಲಿ ಮೂವತ್ತೆರಡೂ ಹಾಗೇ ಇದ್ದವು.
ಅಂದುಂಞಿ ವಾಪಸು ತಕೊಳ್ಳುವುದಿಲ್ಲ.